ಬಾಲದಕ್ಕ ಬರುವ ತನಕ ಕಮಾನು ಇಳಿಸಬೇಡಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಣಿವೆಯ ಬಾಯಲ್ಲಿರುವ ಕಲ್ಲಿನ ಸೇತುವೆಯ ಮೇಲೆ ಆಗಲೇ ಕಾಲಿಡಲು ಜಾಗವಿಲ್ಲ. ಹೊಸ ಬೂಟು, ಬಣ್ಣದ ಟೋಪಿ, ಎದೆಯ ಮೇಲೆ ಪಿನ್ನು ಚುಚ್ಚಿಕೊಂಡ ನಂಬರಿನ ಚೀಟಿ. ಮುಂದಿನ ಸಾಲಿಗೆ ಬರುವ ಆಸೆಗೆ ಮೊಣಕೈಗಳೇ ಮಾತಾಡುತ್ತಿವೆ. ವರ್ಷಕ್ಕೊಮ್ಮೆ ನಡೆಯುವ ಬೇಸಿಗೆಯ ಕಣಿವೆ ನಡಿಗೆ ಇನ್ನೇನು ಶುರುವಾಗಲಿದೆ. ಫೋಟೊ ತೆಗೆಯುವವನು ಸೇತುವೆಯ ಕಟ್ಟೆ ಹತ್ತಿ, ಮುಂದೆ ನಿಂತವರ ಹಲ್ಲುಗಳನ್ನೆಲ್ಲ ಒಂದೂ ಬಿಡದೆ ಹಿಡಿದುಕೊಳ್ಳುತ್ತಿದ್ದಾನೆ.

ಈ ಗದ್ದಲಕ್ಕೆಲ್ಲ ಹಿಂದೆ, ಸೇತುವೆಯ ಇನ್ನೊಂದು ತುದಿಯ ಮೈಲಿಗಲ್ಲಿನ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತು ನಿಧಾನವಾಗಿ ಚಹಾ ಕುಡಿಯುತ್ತಿದ್ದಾರೆ. ಕಾಲಲ್ಲಿ ಗಂಡನ ಹಳೆಯ ಬೂಟು, ಅದರ ಮೂತಿಗೆ ಬಟ್ಟೆ ತುರುಕಿದೆ. ಹೆಗಲಿನಲ್ಲಿ ಖಾಲಿ ಚೀಲ. ಪಕ್ಕದಲ್ಲಿ ಒಂದು ಕೋಲು, ಅದರ ತುದಿಗೆ ಸಣ್ಣ ಹಿತ್ತಾಳೆ ಗಂಟೆ. ಇವರ ಎದೆಯ ಮೇಲೆ ನಂಬರಿಲ್ಲ. ಫೋಟೊದವನು ಇವರ ಕಡೆ ತಿರುಗಿಯೂ ನೋಡುವುದಿಲ್ಲ.

"ಸೀಟಿ ಊದಿದ ತಕ್ಷಣ ಎಲ್ಲರೂ ಎದ್ದುಬಿದ್ದು ಓಡ್ತಾರೆ. ನನಗೇನು ಅವಸರ?" ಎಂದು ಲೋಟದ ತಳದ ಚಹಾ ಚೆಲ್ಲುತ್ತಾರೆ ಅವರು. "ನನ್ನ ಜಾಗ ಮೊದಲೇ ಗಟ್ಟಿಯಾಗಿದೆ. ಕೊನೇದು. ಅದಕ್ಕೆ ಯಾರೂ ಪೈಪೋಟಿಗೆ ಬರಲ್ಲ ನೋಡಿ."

ಕಣಿವೆಗೆಲ್ಲ ಇವರು ಬಾಲದಕ್ಕ. ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಅವರಿಗೇ ಮರೆತುಹೋಗುವಷ್ಟು ಈ ಹೆಸರು ಅಂಟಿಕೊಂಡಿದೆ. ನಡಿಗೆಯ ದಾರಿ ತೋರಿಸಲು ಹಿಂದಿನ ದಿನವೇ ಹಾದಿಯುದ್ದಕ್ಕೂ ಕೆಂಪು ಬಾವುಟ ನೆಟ್ಟಿರುತ್ತಾರೆ. ಕಟ್ಟಕಡೆಯವರ ಹಿಂದೆ ನಡೆದು, ಅವರು ದಾಟಿದ ಬಾವುಟಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ಹಾಕುತ್ತ ಬರುವುದು ಬಾಲದಕ್ಕನ ಕೆಲಸ. ಬಿಟ್ಟರೆ ಬಾವುಟ ಗಾಳಿಗೆ ಹಾರಿ ಹೊಳೆ ಸೇರುತ್ತದೆ, ಇಲ್ಲವೇ ದನದ ಹೊಟ್ಟೆ ಸೇರುತ್ತದೆ. ಇನ್ನೊಂದು ಕೆಲಸವೂ ಇದೆ. ಆ ಕಟ್ಟಕಡೆಯವರು ಯಾರೇ ಆಗಿರಲಿ, ಅವರನ್ನು ಸುರಕ್ಷಿತವಾಗಿ ಸರೋವರದ ದಡದ ಹುಲ್ಲುಹಾಸಿಗೆ ತಲುಪಿಸಬೇಕು. ಅಲ್ಲಿ ಗಾಳಿ ತುಂಬಿದ ದೊಡ್ಡ ಕೆಂಪು ಕಮಾನು ನಿಂತಿರುತ್ತದೆ. ಅದರ ಕೆಳಗೆ ದಾಟಿದರೆ ನಡಿಗೆ ಮುಗಿದ ಹಾಗೆ.

ಬಾಲದಕ್ಕ ಮಾತ್ರ ಆ ಕಮಾನಿನ ಕೆಳಗೆ ಒಮ್ಮೆಯೂ ದಾಟಿಲ್ಲ. ಇವರು ತಲುಪುವ ಹೊತ್ತಿಗೆ ಅದರ ಗಾಳಿ ಬಿಟ್ಟು, ಮಡಿಚಿ, ಲಾರಿಗೆ ಹೇರಿ ಆಗಿರುತ್ತದೆ. ಪದಕ ಹಂಚಿದ ಮೇಜು ಎದ್ದಿರುತ್ತದೆ. ಕೊನೆಯಲ್ಲಿ ಬಂದವರಿಗೆ ಸಿಗುವುದು ತುಳಿದು ಚಪ್ಪಟೆಯಾದ ಹುಲ್ಲು, ಉರುಳಾಡುವ ಕಾಗದದ ಲೋಟ.

ಇವತ್ತು ಚಹಾ ಮುಗಿಸಿ ಎದ್ದವರು ಜನರ ಹಿಂದಿನ ಸಾಲಿನ ಕಡೆ ಕಣ್ಣು ಹಾಯಿಸುತ್ತಾರೆ. ಕೊನೆಗೆ ಯಾರು ಉಳಿಯುತ್ತಾರೆಂದು ನಡಿಗೆ ಶುರುವಾಗುವ ಮೊದಲೇ ಅಂದಾಜು ಹಾಕುವುದು ಅವರ ಅಭ್ಯಾಸ. ಹಾಗೆ ನೋಡುತ್ತಿದ್ದವರ ಕಣ್ಣು ಒಂದು ಕಡೆ ನಿಲ್ಲುತ್ತದೆ. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯರೊಬ್ಬರು, ಎರಡೂ ಕೈಯಲ್ಲಿ ಊರುಗೋಲು ಹಿಡಿದು, ಮಂಡಿಗೆ ಪಟ್ಟಿ ಬಿಗಿದುಕೊಂಡು ನಿಂತಿದ್ದಾರೆ.

"ಗಡಿಯಾರದಣ್ಣ!" ಎನ್ನುತ್ತಾರೆ ಬಾಲದಕ್ಕ.

"ಬಂದೆ ತಂಗಿ," ಎನ್ನುತ್ತಾರೆ ಅವರು, ಬೆಳಗಿನ ಹಾಲು ತರಲು ಬಂದವರಷ್ಟು ಸಲೀಸಾಗಿ. "ಬಾಕಿ ಉಳಿದಿತ್ತಲ್ಲ, ಮುಗಿಸಿ ಹೋಗೋಣ ಅಂತ."

ಆ ಬಾಕಿ ಏನೆಂದು ತಿಳಿಯಲು ಎಂಟು ವರ್ಷ ಹಿಂದಕ್ಕೆ ಹೋಗಬೇಕು. ಅದಕ್ಕೂ ಮೊದಲು ಬಾಲದಕ್ಕನ ಬೇಸಿಗೆ ಹೇಗೆ ಕಳೆಯುತ್ತದೆ ಎಂದು ನೋಡಿಬಿಡಬೇಕು.

ಚಳಿ ಕಳೆದು ದಾರಿ ತೆರೆದರೆ ಸಾಕು, ಕಣಿವೆಗೆ ಜನ ಇರುವೆ ಸಾಲಿನ ಹಾಗೆ ಬರುತ್ತಾರೆ. ಬೆಳಿಗ್ಗೆ ಜಲಪಾತ, ಬಿಸಿಲೇರಿದ ಮೇಲೆ ಹೂವಿನ ಬಯಲು, ಮಧ್ಯಾಹ್ನ ತಂಪಿಗೆ ಗುಹೆ, ಇಳಿಹೊತ್ತಿಗೆ ಸರೋವರದಲ್ಲಿ ದೋಣಿ, ಸಂಜೆ ಹುಲ್ಲುಹಾಸಿನ ಮೇಲೆ ಸಂಗೀತ. ಇವನ್ನೆಲ್ಲ ತೆರೆಯಲು ಬೇರೆ ಬೇರೆ ಜನ ಇದ್ದಾರೆ. ಮುಚ್ಚುವುದು ಬಾಲದಕ್ಕ ಒಬ್ಬರೇ. ಸಂಜೆ ಆಗುತ್ತಲೇ ಕೋಲು ಹಿಡಿದು, ಎಲ್ಲಿ ಯಾರು ಉಳಿದಿದ್ದಾರೆ, ಏನು ಬಿದ್ದಿದೆ ಎಂದು ನೋಡಿಕೊಂಡು ಬರುತ್ತಾರೆ. ಅದಕ್ಕೆ ಕಣಿವೆಯಲ್ಲಿ 'ಕೊನೇ ಸುತ್ತು' ಎಂದು ಹೆಸರು. ಮದುವೆಯಾಗಿ ಬಂದ ಹೊಸದರಲ್ಲಿ ಜಲಪಾತದ ಬಳಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದರು. ಕೊನೆಯ ತನಕ ನಿಲ್ಲುವ ತಾಳ್ಮೆ ಉಳಿದ ಯಾರಿಗೂ ಇರಲಿಲ್ಲ, ಹಾಗಾಗಿ ಕೊನೆಯ ಕೆಲಸಗಳೆಲ್ಲ ಒಂದೊಂದಾಗಿ ಇವರ ತಲೆಗೆ ಬಂದವು.

ಹೂವಿನ ಬಯಲಿನಲ್ಲಿ ಒಮ್ಮೆ ತಾತನೊಬ್ಬ ಟೋಪಿ ಮುಖಕ್ಕೆ ಮುಚ್ಚಿಕೊಂಡು ಗಾಢ ನಿದ್ದೆಯಲ್ಲಿದ್ದ. ಮನೆಯವರು ಎರಡು ವ್ಯಾನಿನಲ್ಲಿ ಬಂದಿದ್ದರು. ತಾತ ಆ ವ್ಯಾನಿನಲ್ಲಿದ್ದಾನೆ ಎಂದು ಇವರು, ಈ ವ್ಯಾನಿನಲ್ಲಿದ್ದಾನೆ ಎಂದು ಅವರು, ಎರಡೂ ವ್ಯಾನು ನೆಮ್ಮದಿಯಾಗಿ ಹೊರಟುಹೋಗಿದ್ದವು. ಗುಹೆಯದು ಇನ್ನೊಂದು ಕಥೆ. ಒಳಗಿನಿಂದ ಹೊರಕ್ಕೆ ಒಂದೊಂದೇ ದೀಪ ಆರಿಸುತ್ತ ಬರಬೇಕು, ಪ್ರತಿ ದೀಪಕ್ಕೂ ಮೊದಲು ಕೂಗಬೇಕು. "ಒಂದಿನ 'ಯಾರಾದ್ರೂ ಇದೀರಾ?' ಅಂದೆ. ಮೂಲೆಯಿಂದ 'ಇಲ್ಲ' ಅಂತ ಉತ್ತರ ಬಂತು," ಎಂದು ಬಾಲದಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ. "ಹೊಸದಾಗಿ ಮದುವೆ ಆದೋರು. ಪಾಪ, ಸುಳ್ಳು ಹೇಳೋದೂ ಇನ್ನೂ ಕಲಿತಿರಲಿಲ್ಲ."

ಅವರ ಗಂಡ ಸರೋವರದಲ್ಲಿ ದೋಣಿ ನಡೆಸುತ್ತಾರೆ. ಹೆಂಡತಿಯನ್ನು ಛೇಡಿಸುವ ಅವಕಾಶವನ್ನು ಅವರು ಯಾವತ್ತೂ ಕೈಬಿಟ್ಟವರಲ್ಲ. "ನಮ್ಮನೆಯವಳು ಸ್ವಂತ ಮದುವೆಗೇ ಕೊನೆಗೆ ಬಂದೋಳು. ನಾನು, ಪುರೋಹಿತರು, ನೆಂಟರು ಎಲ್ಲ ಕಾಯ್ತಾ ಕೂತಿದ್ವಿ. ಯಾಕೆ ತಡ ಅಂದ್ರೆ, ದಾರಿಯಲ್ಲಿ ಅವರ ಅಜ್ಜಿ ಹಿಂದೆ ಬಿದ್ದಿದ್ರಂತೆ, ಅವರ ಜೊತೆ ನಡ್ಕೊಂಡು ಬಂದ್ಲಂತೆ." ಹೀಗೆ ಹೇಳುವಾಗ ಅವರ ದನಿಯಲ್ಲಿರುವ ಹೆಮ್ಮೆ ಮಾತ್ರ ಮುಚ್ಚಿಡಲು ಆಗುವುದಿಲ್ಲ.

ಹಾಗೆ ಎಲ್ಲರನ್ನೂ ಕರೆತರುವ ಈ ಹೆಂಗಸು ಒಬ್ಬರನ್ನು ಬಿಟ್ಟುಬಂದಿದ್ದರು.

ಆ ವರ್ಷದ ನಡಿಗೆಯ ದಿನ ಮೇಲಿನ ಹೂವಿನ ಬಯಲಿನಲ್ಲಿ ಮಂಜು ಕವಿಯಿತು. ಅಂಗೈ ಚಾಚಿದರೆ ಬೆರಳು ಕಾಣದಷ್ಟು ದಟ್ಟ ಮಂಜು. ಕೊನೆಯಲ್ಲಿ ನಡೆಯುತ್ತಿದ್ದವರು ಪಟ್ಟಣದಲ್ಲಿ ಗಡಿಯಾರ ರಿಪೇರಿ ಮಾಡುವ ಈ ಅಣ್ಣ. ಅವರು ಒಂದು ಬಂಡೆಯ ಮರೆಗೆ ಹೋದರು, ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಹಿಂದೆ ಬರುತ್ತಿದ್ದ ಬಾಲದಕ್ಕನಿಗೆ ಅದು ಕಾಣಲಿಲ್ಲ. ಮುಂದೆ ಹೋಗಿರಬೇಕು ಅಂದುಕೊಂಡು ಬಾವುಟ ಕೀಳುತ್ತ ಬಂಡೆ ದಾಟಿ ನಡೆದರು. ಅಣ್ಣ ಬಂಡೆಯ ಮರೆಯಿಂದ ಹೊರಬಂದಾಗ ಬಾವುಟವೂ ಇಲ್ಲ, ದಾರಿಯೂ ಇಲ್ಲ, ಸುತ್ತ ಬಿಳಿ ಮಂಜು ಅಷ್ಟೇ.

ಬಾಲದಕ್ಕ ಸರೋವರಕ್ಕೆ ಇಳಿದಾಗ ಒಬ್ಬ ಹೆಂಗಸು ಎದುರಾಗಿ, "ನಮ್ಮ ಯಜಮಾನ್ರು ಎಲ್ಲಿ?" ಎಂದು ಕೇಳಿದರು.

"ಆಗ ನನ್ನ ಕಾಲ ಕೆಳಗಿನ ನೆಲ ಕುಸಿದ ಹಾಗಾಯ್ತು," ಎನ್ನುವಾಗ ಬಾಲದಕ್ಕನ ನಗು ಮಾಯವಾಗುತ್ತದೆ. "ಅವರಿಗೆ ದಾರಿ ತೋರಿಸಬೇಕಾದ ಬಾವುಟ ಎಲ್ಲ ನನ್ನ ಚೀಲದಲ್ಲಿತ್ತು. ಅವರ ದಾರೀನೇ ನಾನು ಹೊತ್ಕೊಂಡು ಬಂದಿದ್ದೆ."

ಬಂದ ಕಾಲಲ್ಲೇ ಬೆಟ್ಟಕ್ಕೆ ತಿರುಗಿದರು. ಕಿತ್ತ ಬಾವುಟಗಳನ್ನು ಮತ್ತೆ ನೆಡುತ್ತ, ಗಂಟಲು ಹರಿಯುವಂತೆ ಕೂಗುತ್ತ ಹತ್ತಿದರು. ಹೊತ್ತು ಮುಳುಗುವ ಹೊತ್ತಿಗೆ ಅಣ್ಣ ಸಿಕ್ಕರು. ಅದೇ ಬಂಡೆಗೆ ಒರಗಿ ಕೂತು, ಕೈಗಡಿಯಾರಕ್ಕೆ ಕೀ ಕೊಡುತ್ತಿದ್ದರು. ಒಂದು ಬೈಗುಳ ಕೂಡ ಆಡಲಿಲ್ಲ. ಇಬ್ಬರೂ ಇಳಿದು ಬಂದಾಗ ಹುಲ್ಲುಹಾಸಿನಲ್ಲಿ ಅವರ ಹೆಂಡತಿ ಬಿಟ್ಟರೆ ನರಪಿಳ್ಳೆಯಿಲ್ಲ. ಕಮಾನು ನಿಂತಿದ್ದ ಜಾಗದಲ್ಲಿ ಗೂಟ ಕಿತ್ತ ತೂತುಗಳು ಮಾತ್ರ ಉಳಿದಿದ್ದವು. ಅಣ್ಣ ಬಗ್ಗಿ ಆ ತೂತುಗಳನ್ನು ನೋಡಿ, "ಇಲ್ಲೇ ತಾನೆ ಇದ್ದದ್ದು?" ಎಂದರು. ಆಮೇಲೆ ಹೆಂಡತಿಯ ಕೈ ಹಿಡಿದು ಹೋದರು.

ಆ ಒಂದು ಮಾತು ಬಾಲದಕ್ಕನನ್ನು ಇಷ್ಟು ವರ್ಷ ಚುಚ್ಚುತ್ತಲೇ ಇದೆ. ಕೋಲಿಗೆ ಗಂಟೆ ಬಂದದ್ದು ಆಮೇಲೆ. ಈಗ ಪ್ರತಿ ಬಾವುಟದ ಬಳಿಯೂ ನಿಂತು, ಹಿಂದಕ್ಕೆ ತಿರುಗಿ, ಗಂಟೆ ಅಲ್ಲಾಡಿಸಿ, ಉತ್ತರಕ್ಕೆ ಕಾಯುತ್ತಾರೆ. ಯಾರ ದನಿಯೂ ಬರದಿದ್ದರೆ, "ಹಿಂದೆ ಯಾರೂ ಇಲ್ಲ" ಎಂದು ಗಟ್ಟಿಯಾಗಿ ಹೇಳಿಯೇ ಬಾವುಟ ಕೀಳುತ್ತಾರೆ. ಬಿಸಿಲಿದ್ದರೂ ಅಷ್ಟೇ, ಮೈಲು ದೂರ ಕಾಣುತ್ತಿದ್ದರೂ ಅಷ್ಟೇ. ಹುಡುಗರು ಇದನ್ನು ಅಣಕಿಸಿ ನಗುತ್ತಾರೆ. ನಗಲಿ ಬಿಡಿ ಎನ್ನುತ್ತಾರೆ ಬಾಲದಕ್ಕ.

ಇವತ್ತು ಅಣ್ಣನನ್ನು ಕಂಡ ಕೂಡಲೇ ಅವರು ಮಾಡುವ ಮೊದಲ ಕೆಲಸವೆಂದರೆ, ಜನರನ್ನು ಸೀಳಿಕೊಂಡು ಸಮಿತಿಯ ಅಧ್ಯಕ್ಷರ ಬಳಿ ಹೋಗುವುದು. ಕಣಿವೆಯ ದೊಡ್ಡ ಹೋಟೆಲಿನ ಯಜಮಾನರು ಅವರು.

"ಸಾರ್, ಇವತ್ತೊಂದಿನ ನಾನು ಬರೋ ತನಕ ಕಮಾನು ಇಳಿಸ್ಬೇಡಿ."

"ಅದು ಹೇಗಾಗುತ್ತಮ್ಮಾ? ಸಂಜೆ ಅದೇ ಜಾಗದಲ್ಲಿ ಸಂಗೀತ ಇದೆ, ಕುರ್ಚಿ ಹಾಕ್ಬೇಕು. ಕಮಾನಿನವನು ನಾಲ್ಕು ಗಂಟೆ ತನಕ ಅಂತ ಮಾತಾಡಿ ಬಂದಿರೋದು." ಅಧ್ಯಕ್ಷರು ಕೆಟ್ಟವರಲ್ಲ, ತಲೆ ತುಂಬ ಕೆಲಸವಿರುವ ಮನುಷ್ಯ. "ನೋಡು, ಈ ಸಲ ಒಂದು ಜೀಪಿಟ್ಟಿದೀನಿ. ಗುಹೆ ಹತ್ತಿರ ರಸ್ತೆ ಸಿಗುತ್ತಲ್ಲ, ಹಿಂದೆ ಬಿದ್ದೋರನ್ನ ಅಲ್ಲಿ ಹತ್ತಿಸ್ಕೊಂಡು ಬಂದ್ಬಿಡು. ನಿನಗೂ ಆರಾಮ."

ಆರಾಮ ಯಾರು ಕೇಳಿದ್ದರು? ಬಾಲದಕ್ಕ ಹಿಂದಕ್ಕೆ ಬರುತ್ತಾರೆ. ಪಕ್ಕದಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡವರು ಬೇಕರಿಯಣ್ಣ, ಕಣಿವೆಯ ಬ್ರೆಡ್ಡು ಬನ್ನುಗಳ ಯಜಮಾನ, ಆನೆ ಗಾತ್ರದ ಆಳು. ಅವರು ತಮ್ಮ ನಂಬರಿನ ಚೀಟಿ ಸರಿಮಾಡಿಕೊಳ್ಳುತ್ತ ಏನನ್ನೋ ಯೋಚಿಸುತ್ತಾರೆ.

ಸೀಟಿ ಕೇಳಿಸುತ್ತದೆ. ಸೇತುವೆ ಖಾಲಿಯಾಗುತ್ತದೆ. ಗಡಿಯಾರದಣ್ಣ ಒಂದು ಊರುಗೋಲು ಮುಂದಿಟ್ಟು, ಆಮೇಲೆ ಇನ್ನೊಂದು ಮುಂದಿಟ್ಟು ಹೊರಡುತ್ತಾರೆ. ಬಾಲದಕ್ಕ ತಿರುಗಿ ಗಂಟೆ ಅಲ್ಲಾಡಿಸುತ್ತಾರೆ. ಹಿಂದೆ ಯಾರೂ ಇಲ್ಲ. ಮೊದಲ ಬಾವುಟ ಚೀಲಕ್ಕೆ ಬೀಳುತ್ತದೆ.

ಜಲಪಾತದ ಹತ್ತಿರ ಬರುವಾಗಲೇ ಮುಂದಿನವರ ಸದ್ದಡಗಿದೆ. ತುಂತುರಿನಲ್ಲಿ ಮುಖ ಒದ್ದೆ ಮಾಡಿಕೊಂಡು ಅಣ್ಣ ಮಗುವಿನ ಹಾಗೆ ನಗುತ್ತಾರೆ. ಹೂವಿನ ಬಯಲಿನ ಏರಿನಲ್ಲಿ ಮಾತ್ರ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಡಾಕ್ಟರು ಮನೆಯ ಮೆಟ್ಟಿಲು ಹತ್ತಿದರೆ ಸಾಕು ಅಂದಿದ್ದರಂತೆ. "ನಾನು ಡಾಕ್ಟರಿಗೆ ಮೆಟ್ಟಿಲು ಅಂತಲೇ ಹೇಳಿ ಬಂದಿದೀನಿ. ಸ್ವಲ್ಪ ಎತ್ತರದ ಮೆಟ್ಟಿಲು," ಎನ್ನುತ್ತಾರೆ. ಬಾಲದಕ್ಕ ಅವರನ್ನು ಅವಸರಪಡಿಸುವುದಿಲ್ಲ, ಇನ್ನೆಷ್ಟು ದೂರವಿದೆ ಎಂದೂ ಹೇಳುವುದಿಲ್ಲ. ಅವರು ನಿಂತರೆ ತಾವೂ ನಿಲ್ಲುತ್ತಾರೆ. ಬೆನ್ನ ಹಿಂದೆ ಯಾರೋ ಕಾಯುತ್ತಿದ್ದಾರೆ ಎಂದು ಅನ್ನಿಸಬಾರದಲ್ಲ, ಅದಕ್ಕೆ ಬಾವುಟದ ಕಡ್ಡಿಯ ಮಣ್ಣು ಒರೆಸುವ ನೆಪ ಮಾಡುತ್ತಾರೆ.

ಆ ಬಂಡೆ ಬರುತ್ತದೆ. ಇವತ್ತು ಬಿಸಿಲಿನಲ್ಲಿ ಅದು ಎಷ್ಟು ಸಾಧು ಬಂಡೆಯಾಗಿ ಕಾಣುತ್ತದೆ ಎಂದರೆ, ಅಷ್ಟು ಕಷ್ಟ ಕೊಟ್ಟದ್ದು ಇದೇನಾ ಎಂದು ಕೇಳುವಂತಿದೆ.

"ನಿಮ್ಮನ್ನ ಬಿಟ್ಟು ಹೋದೆ ಅಣ್ಣ. ನನ್ನದೇ ತಪ್ಪು," ಎನ್ನುತ್ತಾರೆ ಬಾಲದಕ್ಕ. ಆವತ್ತು ಹೇಳಲಾಗದ ಮಾತು ಇವತ್ತು ಹೊರಬರುತ್ತದೆ.

"ಬಿಟ್ಟು ಹೋದ್ರೆ ಏನಾಯ್ತು, ವಾಪಸ್ ಬಂದ್ಯಲ್ಲ," ಎನ್ನುತ್ತಾರೆ ಅಣ್ಣ. ನಂತರ ಬಂಡೆಯ ಕಡೆ ವಾರೆನೋಟ ಬೀರಿ, "ಇವತ್ತೂ ಒಂದ್ಸಲ ಮರೆಗೆ ಹೋಗಿ ಬರ್ಬೇಕು. ಹೇಳಿ ಹೋಗ್ತಾ ಇದೀನಿ ನೋಡು," ಎನ್ನುತ್ತಾರೆ. ಬಾಲದಕ್ಕನಿಗೆ ಹೊಟ್ಟೆ ಹಿಡಿದುಕೊಂಡು ನಗುವಷ್ಟು ನಗು. ಕಣ್ಣಲ್ಲಿ ನೀರು ಬಂದದ್ದೂ ನಗುವಿನಿಂದಲೇ ಎಂದು ಅವರ ವಾದ.

ಗುಹೆಯ ಬಳಿ ರಸ್ತೆಯಲ್ಲಿ ಜೀಪು ನಿಂತಿದೆ. ಅದನ್ನು ಓಡಿಸುವವನು ಬೇರಾರೂ ಅಲ್ಲ, ಬಾಲದಕ್ಕನ ಸ್ವಂತ ತಮ್ಮ.

"ಅಕ್ಕ, ಹತ್ತಿಸ್ಕೊಂಡು ಬಾ ಅಂತ ಅಧ್ಯಕ್ಷರು ಹೇಳಿದಾರೆ."

"ಕುಸಿದು ಬಿದ್ದೋರನ್ನ ಹತ್ತಿಸ್ಕೋ. ಇವರು ನಡೀತಾ ಇದಾರೆ, ಕಾಣಿಸ್ತಿಲ್ವಾ?"

"ಅಷ್ಟ್ರಲ್ಲಿ ಕಮಾನು ಇಳಿಸಿಬಿಡ್ತಾರೆ ಅಕ್ಕ. ಜೀಪಲ್ಲಾದ್ರೆ ಅದರ ಕೆಳಗೇ ಬಿಡ್ತೀನಿ."

ಬಾಲದಕ್ಕ ಅಣ್ಣನ ಮುಖ ನೋಡುತ್ತಾರೆ. ಜೀಪು ಹತ್ತಿದರೆ ಕಮಾನು ಸಿಗುತ್ತದೆ, ನಡಿಗೆ ಸಿಗುವುದಿಲ್ಲ. ನಡೆದರೆ ಮತ್ತೆ ಆ ತೂತುಗಳೇ ಗತಿ. ಅಣ್ಣ ಜೀಪಿನ ಬಾಗಿಲಿನ ಮೇಲೆ ಕೈಯಿಟ್ಟು ಎರಡು ನಿಮಿಷ ಸುಧಾರಿಸಿಕೊಂಡು, "ಒಳ್ಳೆ ಗಾಡಿ," ಎಂದು ಅದನ್ನು ತಟ್ಟಿ, ಊರುಗೋಲು ಮುಂದಿಡುತ್ತಾರೆ. ಬಾಲದಕ್ಕನ ತಮ್ಮ ಖಾಲಿ ಜೀಪನ್ನೇ ತಿರುಗಿಸಿಕೊಂಡು ಹೋಗುತ್ತಾನೆ.

ಗುಹೆ ದಾಟಿದ ತಿರುವಿನಲ್ಲಿ ನಿಂತರೆ ಇಡೀ ಸರೋವರ ಕೆಳಗೆ ಕಾಣುತ್ತದೆ. ದಡದ ಹಸಿರಿನಲ್ಲಿ ಕೆಂಪು ಕಮಾನು ಒಡೆದ ಬಳೆಯ ಚೂರಿನಷ್ಟು ಕಾಣುತ್ತದೆ. ನಾಲ್ಕು ಗಂಟೆಯಾಗಿ ಎಷ್ಟೋ ಹೊತ್ತಾಗಿದೆ, ಆದರೂ ನಿಂತಿದೆ! ಬಾಲದಕ್ಕನಿಗೆ ತಮ್ಮ ಕಣ್ಣನ್ನೇ ನಂಬಲಾಗುವುದಿಲ್ಲ. ನೋಡುತ್ತಿರುವಂತೆಯೇ ಕಮಾನಿನ ನೆತ್ತಿ ಬಾಗುತ್ತದೆ, ಸೊಂಟ ಮುರಿಯುತ್ತದೆ, ನಿಧಾನವಾಗಿ ನೆಲಕ್ಕೊರಗುತ್ತದೆ.

ಬಾಲದಕ್ಕ ಚೀಲವನ್ನು ಕೆಳಗಿಳಿಸುತ್ತಾರೆ. ಇಡೀ ದಿನದಲ್ಲಿ ಅವರು ಹೆಗಲ ಭಾರ ಇಳಿಸಿದ್ದು ಅದೊಂದೇ ಸಲ. ಅಣ್ಣನೂ ನೋಡಿದ್ದಾರೆ. "ಹೋಗ್ಲಿ ಬಿಡು ತಂಗಿ, ತೂತಿನ ಗುರುತು ನನಗಿದೆ," ಎಂದು ಅವರೇ ಸಮಾಧಾನ ಮಾಡುತ್ತಾರೆ. ಇಬ್ಬರೂ ಇಳಿಜಾರು ಹಿಡಿಯುತ್ತಾರೆ. ಮುಂದಿನ ಬಾವುಟ, ಗಂಟೆ, ಕಾಯುವುದು, ಕೀಳುವುದು. ಅದರ ಮುಂದಿನ ಬಾವುಟ. ಮರಗಳ ಸಂದಿಯಲ್ಲಿ ದಾರಿ ಹೊರಳಿದಾಗ ಅಣ್ಣ ಇದ್ದಕ್ಕಿದ್ದಂತೆ ನಿಲ್ಲುತ್ತಾರೆ.

"ತಂಗಿ, ಅದು ಏಳ್ತಾ ಇದೆ ಕಣೇ!"

ನಿಜ. ಕೆಂಪು ಕಮಾನು ಹೊರಳಾಡಿ, ಎಡವಿ, ಮೈ ಕೊಡವಿಕೊಂಡು ಎದ್ದು ನಿಲ್ಲುತ್ತಿದೆ.

ಕೆಳಗೆ ನಡೆದದ್ದನ್ನು ಆಮೇಲೆ ಹತ್ತು ಬಾಯಿ ಹತ್ತು ಥರ ಹೇಳಿದವು. ಎಲ್ಲರೂ ಒಪ್ಪುವ ಭಾಗ ಇಷ್ಟು. ನಾಲ್ಕು ಗಂಟೆಗೆ ಕಮಾನಿನವನು ಗಾಳಿ ಬಿಡಲು ಹೋದಾಗ, ಕಮಾನನ್ನು ಮಡಿಚಿ ತುಂಬುವ ದೊಡ್ಡ ಚೀಲದ ಮೇಲೆ ಬೇಕರಿಯಣ್ಣ ಕೂತಿದ್ದರು. ಮೂರು ಜನ ಸೇರಿ ಎಳೆದರೂ ಅಲುಗಾಡಲಿಲ್ಲ. "ನಾಲ್ಕು ವರ್ಷದ ಹಿಂದೆ ಕೊನೆಗೆ ಬಂದೋನು ನಾನು," ಎನ್ನುತ್ತಾರೆ ಬೇಕರಿಯಣ್ಣ. "ಹೂವಿನ ಬಯಲಲ್ಲಿ ಎರಡು ಸಲ ಅತ್ತಿದೀನಿ. ಬಾಲದಕ್ಕ ಅದನ್ನ ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಅವರಿಗೋಸ್ಕರ ಒಂದು ಚೀಲದ ಮೇಲೆ ಕೂರೋಕಾಗಲ್ವಾ?" ಅವರನ್ನು ನೋಡಿ ಇನ್ನೊಬ್ಬರು ಬಂದು ಪಕ್ಕದಲ್ಲಿ ಕೂತರು. ಅವರೂ ಒಂದು ವರ್ಷ ಕೊನೆಯವರು. ಆಮೇಲೆ ಮತ್ತೊಬ್ಬರು. ಬಾಲದಕ್ಕನ ಜೊತೆ ಖಾಲಿ ಹುಲ್ಲಿಗೆ ಬಂದು ತಲುಪಿದವರು ಕಣಿವೆಯಲ್ಲಿ ಇಷ್ಟು ಜನ ಇದ್ದಾರೆಂದು ಅವತ್ತೇ ಎಲ್ಲರಿಗೂ ಗೊತ್ತಾದದ್ದು.

ಅಷ್ಟರಲ್ಲಿ ಗಾಳಿ ತುಂಬುವ ಜನರೇಟರಿನ ಡೀಸೆಲ್ ಮುಗಿದು ಕಮಾನು ಮಲಗಿಬಿಟ್ಟಿತು. ಸರಿಯಾಗಿ ಆಗಲೇ ಖಾಲಿ ಜೀಪು ಬಂತು. ದೋಣಿ ನಡೆಸುವ ಬಾಲದಕ್ಕನ ಗಂಡ ಎಲ್ಲಿಂದಲೋ ಒಂದು ಪೈಪು ಹುಡುಕಿ ತಂದರು. ತಮ್ಮ ಅದನ್ನು ಜೀಪಿನ ಟ್ಯಾಂಕಿಗಿಳಿಸಿ, ಬಾಯಲ್ಲಿ ಎಳೆದು, ಒಂದು ಗುಟುಕು ಕುಡಿದೇಬಿಟ್ಟ. ಹಿಂದೆ ಬಿದ್ದವರನ್ನು ಹೊತ್ತು ತರಲು ಕಳಿಸಿದ ಜೀಪು, ಅವರು ನಡೆದು ಬರಲೆಂದು ಕಮಾನಿಗೆ ಉಸಿರು ಕೊಟ್ಟಿತು. ಅಧ್ಯಕ್ಷರು ಮೊದಲು ಕೂಗಾಡಿದರು, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತರು, ಕೊನೆಗೆ ಕುರ್ಚಿ ಜೋಡಿಸುವವರಿಗೆ, "ಮಧ್ಯೆ ದಾರಿ ಬಿಟ್ಟು ಹಾಕ್ರಪ್ಪ," ಎಂದರು.

ಮರಗಳ ಸಾಲಿನಿಂದ ಗಡಿಯಾರದಣ್ಣನ ಊರುಗೋಲು ಹೊರಗೆ ಕಾಣಿಸುತ್ತಲೇ ಏಳುವ ಕೂಗಿಗೆ ಸರೋವರದ ಹಕ್ಕಿಗಳೆಲ್ಲ ಒಟ್ಟಿಗೆ ಹಾರುತ್ತವೆ. ಸಂಜೆಯ ಕಾರ್ಯಕ್ರಮಕ್ಕೆ ಬಂದ ವಾದ್ಯದವರು ಶ್ರುತಿ ಸೇರಿಸುವುದನ್ನು ಬಿಟ್ಟು ಒಮ್ಮೆಗೇ ನುಡಿಸತೊಡಗುತ್ತಾರೆ. ಕುರ್ಚಿಯಲ್ಲಿ ಕೂತವರೆಲ್ಲ ಎದ್ದು ನಿಂತಿದ್ದಾರೆ. ಅಣ್ಣ ಒಂದು ಊರುಗೋಲು, ಇನ್ನೊಂದು ಊರುಗೋಲು, ಹಾಗೇ ಬಂದು ಕಮಾನಿನ ಕೆಳಗೆ ನಿಲ್ಲುತ್ತಾರೆ. ಅಲ್ಲಿ ಅವರ ಹೆಂಡತಿ ನಿಂತಿದ್ದಾರೆ. "ಎಷ್ಟು ತಡ ಮಾಡಿದ್ರಿ," ಎನ್ನುತ್ತಾರೆ ಆಕೆ. ಎಂಟು ವರ್ಷದ ತಡ ಅದು. ಅಣ್ಣ ಊರುಗೋಲೆರಡನ್ನೂ ಎತ್ತಿ ಆಕಾಶಕ್ಕೆ ತೋರಿಸುತ್ತಾರೆ.

ಬಾಲದಕ್ಕ ಮಾತ್ರ ಇನ್ನೂ ಬಂದಿಲ್ಲ. ಕಮಾನಿಗೆ ಹತ್ತು ಮಾರು ದೂರದಲ್ಲಿ ಕೊನೆಯ ಬಾವುಟದ ಬಳಿ ನಿಂತಿದ್ದಾರೆ. ಬಾರಕ್ಕ, ಬಾರಕ್ಕ ಎಂದು ಎಲ್ಲರೂ ಕೂಗುತ್ತಾರೆ. ಅವರು ಕೈಯೆತ್ತಿ, ಇರಿ ಎಂದು ಸನ್ನೆ ಮಾಡುತ್ತಾರೆ. ನಂತರ ಇಡೀ ಜನಜಂಗುಳಿಗೆ ಬೆನ್ನು ಮಾಡಿ, ಬೆಟ್ಟದ ಕಡೆ ತಿರುಗಿ ಗಂಟೆ ಅಲ್ಲಾಡಿಸುತ್ತಾರೆ.

ವಾದ್ಯ ನಿಲ್ಲುತ್ತದೆ. ಇಷ್ಟು ವರ್ಷ ಅವರು ಒಬ್ಬರೇ ಕಾಯುತ್ತಿದ್ದ ಆ ಉತ್ತರಕ್ಕೆ ಈಗ ಇಡೀ ಹುಲ್ಲುಹಾಸು ಉಸಿರು ಬಿಗಿಹಿಡಿದು ಕಾಯುತ್ತದೆ. ಬೆಟ್ಟದಿಂದ ಯಾವ ದನಿಯೂ ಇಲ್ಲ.

"ಹಿಂದೆ ಯಾರೂ ಇಲ್ಲ," ಎನ್ನುತ್ತಾರೆ ಬಾಲದಕ್ಕ ಗಟ್ಟಿಯಾಗಿ. "ಎಲ್ಲರೂ ಬಂದ್ರು."

ಕೊನೆಯ ಬಾವುಟ ಚೀಲ ಸೇರುತ್ತದೆ. ಚಪ್ಪಾಳೆಯೋ ಕೂಗೋ ತಿಳಿಯದ ಗದ್ದಲದ ನಡುವೆ ಅವರು ನಡೆದು ಬರುತ್ತಾರೆ. ಫೋಟೊದವನು ಓಡಿಬಂದು ಎದುರು ನಿಲ್ಲುತ್ತಾನೆ, ಆದರೆ ಬಾಲದಕ್ಕ ಅವನ ಕಡೆ ನೋಡುತ್ತಿಲ್ಲ. ಕಮಾನಿನ ಕೆಳಗೆ ನಿಂತು, ಬಾಯಿ ತೆರೆದು, ಕತ್ತು ಮೇಲೆತ್ತಿ ನೋಡುತ್ತಿದ್ದಾರೆ. ಗದ್ದಲವೆಲ್ಲ ಇಳಿದರೂ ಅವರ ಕತ್ತು ಇಳಿಯುವುದಿಲ್ಲ. ಕಡೆಗೆ ಕಮಾನಿನವನು ಹತ್ತಿರ ಬಂದು ತಲೆ ಕೆರೆದುಕೊಳ್ಳುತ್ತಾನೆ.

"ಅಕ್ಕ, ಈಗಲಾದ್ರೂ ಇಳಿಸ್ಲಾ?"

"ಇರಪ್ಪ ಒಂದ್ನಿಮಿಷ," ಎನ್ನುತ್ತಾರೆ ಬಾಲದಕ್ಕ. "ಇಷ್ಟು ವರ್ಷ ಇದರ ಗೂಟದ ತೂತು ಮಾತ್ರ ನೋಡಿದ್ದೆ. ಇಷ್ಟೊಂದು ಎತ್ತರ ಇರುತ್ತೆ ಅಂತ ಗೊತ್ತೇ ಇರಲಿಲ್ಲ."